ಕಾರು ಸೈಕಲ್ಲಿಗೆ ಗುದ್ದಿದರೆ ಮೊದಲು ಫೋಟೊ, ಆಮೇಲೆ ಮಾತು
ಗಾಯಾಳುವಿನ ಚಿಕಿತ್ಸೆಯೇ ಮೊದಲು. 112ಕ್ಕೆ ಕರೆ ಮಾಡಿ. ಆದರೆ ವಾಹನಗಳನ್ನು ಸರಿಸುವ ಮುನ್ನ ಜೊತೆಗಿದ್ದವರು ಯಾರಾದರೂ ಫೋಟೊ ತೆಗೆಯಲೇಬೇಕು. ಸೈಕಲ್ಲಿನ ಹಿಂದಿನ ಚಕ್ರ ನಜ್ಜುಗುಜ್ಜಾಗಿದ್ದರೆ ಹಿಂದಿನಿಂದ ಬಂದ ಕಾರಿನ ಕಡೆಗೆ, ಗುರುತು ಕಾರಿನ ಬಾಗಿಲಿನ ಅಂಚಿನಲ್ಲಿದ್ದರೆ ನೋಡದೆ ಬಾಗಿಲು ತೆರೆದವರ ಕಡೆಗೆ ಆ ಫೋಟೊ ಬೆರಳು ತೋರಿಸುತ್ತದೆ. ಸೈಕಲ್ ಸವಾರ ಸಂಚಾರಕ್ಕೆ ವಿರುದ್ಧ ದಿಕ್ಕಿನಲ್ಲಿ ಬಂದಿದ್ದರೆ, ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ ಆ ಪರಿಹಾರದಲ್ಲಿ ಒಂದು ಪಾಲನ್ನು ಕಡಿತ ಮಾಡಬಹುದು. ಹಕ್ಕೇ ಹೋಯಿತೆಂದು ಹೆದರಿಸುವವರನ್ನು ನಂಬಬೇಡಿ. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ರೂಪಾಯಿ ಕೇಳಲು ತಪ್ಪು ಯಾರದೆಂದು ಸಾಬೀತುಪಡಿಸಬೇಕಾಗಿಯೇ ಇಲ್ಲ. ಸ್ಥಳದಲ್ಲೇ ಪುಡಿಗಾಸು ಪಡೆದು ರಾಜಿಪತ್ರಕ್ಕೆ ಸಹಿ ಹಾಕಬೇಡಿ, ದಯವಿಟ್ಟು. ಎಷ್ಟೋ ಒಳಪೆಟ್ಟುಗಳು ಮರುದಿನವೇ ತಿಳಿಯುವುದು.