ಬೆಳ್ಳಿ ರೂಪಾಯಿ ಅಸಲೋ ನಕಲೋ, ನೋಡುವ ಬಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರಮಹಾಲಕ್ಷ್ಮಿ ಪೂಜೆಗೆ ರಾಣಿ ರೂಪಾಯಿ, ಅಂದರೆ ವಿಕ್ಟೋರಿಯಾ ರಾಣಿಯ ಮುಖವಿರುವ ಬ್ರಿಟಿಷರ ಕಾಲದ ಬೆಳ್ಳಿ ನಾಣ್ಯ, ಇಡುವ ಹಳೇ ಮನೆಗಳು ಇನ್ನೂ ಇವೆ. ಹಾಗಾಗಿ ನಕಲಿ ಮಾಲೂ ಇಲ್ಲಿ ಸಲೀಸಾಗಿ ಖರ್ಚಾಗುತ್ತದೆ. ಸಂದಿಯಲ್ಲಿ ಅರಿಶಿನ ಕುಂಕುಮ ಮೆತ್ತಿಕೊಂಡಿದೆ ಅಂದಮಾತ್ರಕ್ಕೆ ನಾಣ್ಯ ಹಳೆಯದಾಗಿಬಿಡುವುದಿಲ್ಲ.

ಮೊದಲು ಇಸವಿ ಓದಿ. ಅರ್ಧ ನಕಲಿಗಳು ಇಲ್ಲೇ ಸಿಕ್ಕಿಬೀಳುತ್ತವೆ. ವಿಲಿಯಂ ದೊರೆಯ ರೂಪಾಯಿಯ ಮೇಲೆ 1835 ಮಾತ್ರ ಇರುತ್ತದೆ. ನಾಲ್ಕನೇ ವಿಲಿಯಂ ಅನ್ನಲು ಹೆಸರಿನ ಮುಂದೆ ನಾಲ್ಕು ಉದ್ದಗೆರೆ (IIII) ಇದ್ದರೆ ಅದು ತಪ್ಪಲ್ಲ, ಅಸಲಿಯೇ ಹಾಗೆ. ವಿಕ್ಟೋರಿಯಾ ರಾಣಿಯದಕ್ಕೆ 1840 ಅಂತ ಹಾಕಿ, 1862ರ ಹೊಸ ಅಚ್ಚು ಬರುವತನಕ ಅದೇ ಇಸವಿಯಲ್ಲಿ ಟಂಕಿಸಿದರು. ಆದ್ದರಿಂದ 1857ರ ವಿಕ್ಟೋರಿಯಾ ರೂಪಾಯಿ ಅಂತ ಯಾರಾದರೂ ತಂದರೆ ಅಲ್ಲಿಗೇ ಕೈಬಿಡಿ. ವಿಕ್ಟೋರಿಯಾ ಹೆಸರಿನ ಜೊತೆ 'ಎಂಪ್ರೆಸ್' ಎಂಬ ಬರಹ 1877ರಿಂದ 1901ರವರೆಗೆ, ಎಡ್ವರ್ಡ್ 1903ರಿಂದ 1910, ಐದನೇ ಜಾರ್ಜ್ 1911ರಿಂದ 1922. 1818 ಅಂತ ಇಸವಿ, ಆಣೆ ಅಂತ ಬೆಲೆ, ಹಿಂದೆ ಹನುಮಂತನೋ ರಾಮಸೀತೆಯೋ ಇರುವ 'ಕಂಪನಿ ಕಾಸು' ನಾಣ್ಯವೇ ಅಲ್ಲ, ಆಮೇಲೆ ಮಾಡಿದ ಬಿಲ್ಲೆ. ಅಕ್ಕಿ ಕಾಳನ್ನು ಅಯಸ್ಕಾಂತದ ಹಾಗೆ ಎಳೆಯುತ್ತದೆ, ಕೋಟಿ ಬಾಳುತ್ತದೆ ಅಂದರೆ ಅದು ಶುದ್ಧ ಮೋಸ.

ಇಸವಿ ಸರಿ ಇದ್ದರೆ ತಕ್ಕಡಿಗೆ ಹಾಕಿ. ಅಸಲಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. ಸವೆದದ್ದು 11.3ರ ಸುಮಾರಿಗೆ ಇಳಿಯಬಹುದು. ಮುಖ, ಅಕ್ಷರ ಎಲ್ಲ ಚೂಪಾಗಿದ್ದೂ 11 ಗ್ರಾಂಗಿಂತ ಕಮ್ಮಿ ಬಂದರೆ ಅನುಮಾನವೇ ಬೇಡ. ಅಗಲ ಸುಮಾರು 30.5 ಮಿ.ಮೀ.

ನಿಜವಾದ ಪರೀಕ್ಷೆ ನೀರಿನದು. 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ನೀರಿನ ಲೋಟವನ್ನು ಅದರ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ಹೊಲಿಗೆ ದಾರ ಕಟ್ಟಿ ಪೂರ್ತಿ ಮುಳುಗಿಸಿ. ತಳ, ಗೋಡೆ ಯಾವುದಕ್ಕೂ ತಾಗಬಾರದು, ಮೈಗೆ ಗುಳ್ಳೆ ಅಂಟಿದ್ದರೆ ಅಲ್ಲಾಡಿಸಿ ಬಿಡಿಸಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಒಣ ತೂಕವನ್ನು ಈಗ ಬಂದ ಅಂಕಿಯಿಂದ ಭಾಗಿಸಿ. 91.7 ಶೇಕಡಾ ಬೆಳ್ಳಿಯ ರೂಪಾಯಿಗೆ 1.13 ಗ್ರಾಂ ತೋರಿಸಿ, ಭಾಗಲಬ್ಧ 10.3ರ ಆಸುಪಾಸು ಬರುತ್ತದೆ. ಹಿತ್ತಾಳೆಗೆ ಬೆಳ್ಳಿ ಕೋಟಿಂಗ್ ಕೊಟ್ಟದ್ದು, ಜರ್ಮನ್ ಸಿಲ್ವರ್ (ಬೆಳ್ಳಿಯೇ ಇಲ್ಲದ ತಾಮ್ರ, ನಿಕಲ್, ಸತುವಿನ ಮಿಶ್ರಣ) ಎರಡೂ 8.5ರ ಹತ್ತಿರ ನಿಲ್ಲುತ್ತವೆ. ಆರನೇ ಜಾರ್ಜ್‌ನ 1940ರಿಂದ 1945ರ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ, ಅದಕ್ಕೆ 9.5 ಬಂದರೆ ಗಾಬರಿ ಬೇಡ. 1947ರದು ನಿಕಲ್, ಅಯಸ್ಕಾಂತಕ್ಕೆ ಅಂಟುವುದೇ ಸರಿ. ಬೆಳ್ಳಿಯದು ಅಂಟಿದರೆ ನಕಲಿ.

ಒಳ್ಳೆ ಬೆಳ್ಳಿಯಲ್ಲೇ ಮಾಡಿದ ನಕಲಿ ತೂಕ, ನೀರು ಎರಡನ್ನೂ ದಾಟುತ್ತದೆ. ಅದಕ್ಕೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸ್ ಬೇಕು. ಎರಕ ಹೊಯ್ದದ್ದಾದರೆ ಚಿತ್ರ, ಬರಹ ಇಲ್ಲದ ಸಪಾಟು ಜಾಗದಲ್ಲಿ ಸೂಜಿಮೊನೆಯಷ್ಟು ಕುಳಿಗಳು, ಅಕ್ಷರದ ಬುಡ ಕರಗಿದ ಹಾಗೆ ದುಂಡಗೆ, ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ ಅಥವಾ ಅದನ್ನು ಅರ ಹಾಕಿ ಉಜ್ಜಿದ ಗುರುತು. ಅಂಚಿನ ಹಲ್ಲುಗಳು ಒಂದೇ ಸಮ ಇರಬೇಕು. 1939ರ ರೂಪಾಯಿ ಬಲು ಅಪರೂಪ, ಆದ್ದರಿಂದ ಬೇರೆ ವರ್ಷದ್ದರ ಕೊನೆಯ ಅಂಕಿ ತಿದ್ದುತ್ತಾರೆ. 9ರ ಸುತ್ತ ಮೈ ಮಸುಕಾಗಿದೆಯೇ, ಗೀರಿದೆಯೇ, ಅದರ ಎತ್ತರ ಪಕ್ಕದ 3ಕ್ಕೆ ಸಮನಾಗಿದೆಯೇ ನೋಡಿ.

ಕಲ್ಲಿನ ಮೇಲೆ ಬೀಳಿಸಿ ಝಣ್ ಅನ್ನುವುದನ್ನು ಕೇಳುವ ಪದ್ಧತಿಯನ್ನು ನೆಚ್ಚಬೇಡಿ. ಸರಕ್ಕೆ ಕೊಂಡಿ ಬೆಸೆದು ತೆಗೆದ ಅಸಲಿ ನಾಣ್ಯವೂ ಮಂದವಾಗಿ ಸದ್ದು ಮಾಡುತ್ತದೆ. ಬೆಸುಗೆಯ ಕಲೆ ಇದ್ದರೆ ಅಸಲಿಯಾದರೂ ಸಂಗ್ರಾಹಕರು ಬೆಲೆ ಇಳಿಸುತ್ತಾರೆ. ಒರೆಗಲ್ಲಿಗೆ ಉಜ್ಜುವುದು, ಆಸಿಡ್ ಹಾಕುವುದು, ಹುಣಸೆಹಣ್ಣಿನಿಂದ ತಿಕ್ಕುವುದು ಬೇಡ. ವರ್ಷಗಟ್ಟಲೆ ಕಟ್ಟಿದ ಕಪ್ಪು ಮೈಬಣ್ಣ ಹೋದರೆ ಬೇಗ ಹಾಗೆಯೇ ಮತ್ತೆ ಬರುವುದಿಲ್ಲ, ಬೆಲೆಯೂ ಅದರ ಜೊತೆ ಹೋಗುತ್ತದೆ.

ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ಗಡಿಗೆಯಲ್ಲಿ ಸಿಕ್ಕವಾದರೆ ಅವು ಕಾನೂನಿನ ಕಣ್ಣಲ್ಲಿ ನಿಧಿ. ಮಾರುವ ಮಾತಿಗೆ ಮುಂಚೆ ಡಿಸಿ ಕಚೇರಿಗೆ ತಿಳಿಸಬೇಕು.