ಕುಂಬಳದ ಈಚು (ಎಳೇ ಕಾಯಿ) ಹಳದಿಯಾಗಿ ಉದುರ್ತಿದ್ರೆ ಇದನ್ನ ಮಾಡಿ ನೋಡಿ

ಚಿಕ್ಕಬಳ್ಳಾಪುರದಲ್ಲಿ ನಮ್ಮನೆ ಹಿತ್ತಲಲ್ಲಿ ಹಾಕಿದ್ದ ಸಿಹಿಗುಂಬಳ ಬಳ್ಳಿ ಚೆನ್ನಾಗೇ ಹಬ್ಬಿತ್ತು, ಹೂವೂ ಬಿಡ್ತಿತ್ತು, ಆದ್ರೆ ಈಚು ನಿಂಬೆಹಣ್ಣಿನಷ್ಟು ಆಗೋ ಹೊತ್ತಿಗೆ ಹಳದಿ ತಿರುಗಿ ಮೆತ್ತಗಾಗಿ ಉದುರ್ಹೋಗ್ತಿತ್ತು.

ಯೂರಿಯಾ ಹಾಕ್ದೆ, ಎಲೆ ದಪ್ಪ ಆಯ್ತು ಅಷ್ಟೇ. ನೀರು ಜಾಸ್ತಿ ಬಿಟ್ಟೆ, ಬೇವಿನೆಣ್ಣೆ ಹೊಡ್ದೆ, ಆಗ್ಲಿಲ್ಲ. ಉದುರಿದ್ದನ್ನ ಕುಯ್ದು ನೋಡಿದ್ರೆ ಒಳಗೆ ಹುಳ ಇರ್ಲಿಲ್ಲ, ಹಂಗಾಗಿ ಹಣ್ಣು ನೊಣ ಅಲ್ಲ, ಪರಾಗ ಸೇರ್ತಿಲ್ಲ ಅನ್ನಿಸ್ತು, ಜೇನುನೊಣಾನೂ ಕಾಣ್ತಿರ್ಲಿಲ್ಲ.

ಕೈಯಲ್ಲೇ ಪರಾಗ ಮುಟ್ಟಿಸಿದ್ಮೇಲೆ ಉದುರೋದು ನಿಂತಿದ್ದು. ತೆಳ್ಳಗಿರೋ ಉದ್ದ ತೊಟ್ಟಿಂದು ಗಂಡು ಹೂವು, ಬುಡದಲ್ಲಿ ಗುಂಡಗೆ ಪುಟ್ಟ ಕಾಯಿ ಇರೋದು ಹೆಣ್ಣು. ಹಿಂದಿನ ಸಂಜೆ ಹಳದಿ ತಿರುಗಿರೋ ಹೆಣ್ಣು ಮೊಗ್ಗು ಗುರುತು ಮಾಡ್ಕೊಳ್ಳಿ, ಬೆಳಿಗ್ಗೆ ಅರಳತ್ತೆ. 6ರಿಂದ 8ರೊಳಗೆ ಮುಗಿಸ್ಬೇಕು, ಬಿಸಿಲೇರಿದ್ರೆ ಹೂವು ಮುಚ್ಕೊಳತ್ತೆ, ಮಾರನೇ ದಿನ ಮತ್ತೆ ಅರಳಲ್ಲ. ಅವತ್ತೇ ಅರಳಿರೋ ಗಂಡು ಹೂವು ಕಿತ್ತು ಎಸಳು ಬಿಡಿಸಿ, ಬೆರಳಿಗೆ ಹಳದಿ ಪುಡಿ ಅಂಟತ್ತಾ ನೋಡಿ, ಹೆಣ್ಣು ಹೂವಿನ ನಡುವಿನ ಗಂಟಿನ ಎಲ್ಲಾ ಭಾಗಕ್ಕೂ ಮೆಲ್ಲಗೆ ಸವರಿ, ಒಂದಕ್ಕೆ ಎರಡು ಗಂಡು ಹೂವು ಬಳಸಿ. ಆಮೇಲೆ ಹೆಣ್ಣಿನ ಎಸಳು ಸೇರಿಸಿ ದಾರ ಸಡಿಲವಾಗಿ ಕಟ್ಟಿ. ಅವತ್ತು ಹೂವಿನ ಮೇಲೆ ನೀರು, ಔಷಧಿ ಬೇಡ.

ಐದನೇ ದಿನಕ್ಕೆ ಈಚು ಹಸಿರಾಗೇ ಊದ್ಕೊಂಡು ತೊಟ್ಟು ಕೆಳಗೆ ಬಾಗಿತ್ತು, ಹಂಗೆ ಮಾಡಿದ್ರಲ್ಲಿ ಒಂದೂ ಉದುರಿಲ್ಲ.