ದಾರೀಲಿ ಸಿಕ್ಕಿದ್ದು ಯಾವಾಗ ಕೇಸಾಗತ್ತೆ?

"ಬಿದ್ದಿತ್ತು ಸಾರ್, ನಾನೇನು ಕದ್ದಿಲ್ಲ" ಅನ್ನೋದು ಸ್ಟೇಷನ್‌ನಲ್ಲಿ ಅರ್ಧ ಉತ್ತರ ಅಷ್ಟೇ. ಎತ್ಕೊಳ್ಳೋದು ತಪ್ಪಲ್ಲ, ಎತ್ಕೊಂಡ್ಮೇಲೆ ಏನ್ ಮಾಡಿದ್ರಿ ಅಂತ ನೋಡ್ತಾರೆ.

ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 314 ಇದಕ್ಕೇ ಇರೋದು, 2024ರ ಜುಲೈ 1ರ ತನಕ ಐಪಿಸಿ 403 ಆಗಿತ್ತು. ಮೊದ್ಲು 2 ವರ್ಷದವರೆಗೆ ಜೈಲು ಅಥವಾ ಬರೀ ದಂಡ ಹಾಕಿ ಬಿಡಬಹುದಿತ್ತು, ಈಗ ಅಪರಾಧ ಸಾಬೀತಾದ್ರೆ ಕಮ್ಮಿ ಅಂದ್ರೂ 6 ತಿಂಗಳು, ಜತೆಗೆ ದಂಡ. ಸೆಕ್ಷನ್‌ನಲ್ಲೇ ಉದಾಹರಣೆ ಕೊಟ್ಟವ್ರೆ: ರಸ್ತೇಲಿ ಒಂದು ರೂಪಾಯಿ ಸಿಕ್ತು, ಯಾರದ್ದು ಅಂತ ಗೊತ್ತಿಲ್ಲ, ಜೇಬಿಗೆ ಹಾಕ್ಕೊಂಡ್ರಿ, ಅಪರಾಧ ಅಲ್ಲ. ಅದೇ ಬೆಲೆಬಾಳೋ ಉಂಗುರ ಸಿಕ್ಕಿ, ಯಾರದ್ದು ಅಂತ ಹುಡುಕೋ ಗೋಜಿಗೂ ಹೋಗದೆ ಮಾರಿಬಿಟ್ರೆ ಅಪರಾಧ.

ಫೋನ್ ಸಿಕ್ಕಿದ್ರೆ ಸ್ವಿಚ್ ಆಫ್ ಮಾಡ್ಬೇಡಿ, ಸಿಮ್ ಅಂತೂ ಮುಟ್ಲೇಬೇಡಿ, ಸಿಮ್ ಕಿತ್ತು ಬಿಸಾಕಿದ ಮೇಲೆ "ವಾಪಸ್ ಕೊಡೋಣ ಅಂತಿದ್ದೆ" ಅಂದ್ರೆ ಯಾರು ನಂಬ್ತಾರೆ ಹೇಳಿ. ಚಾರ್ಜ್‌ಗೆ ಹಾಕಿ ಇಟ್ಟಿರಿ, "ಅಮ್ಮ" ಅಂತಲೋ "ಮನೆ" ಅಂತಲೋ ಕಾಲ್ ಬಂದೇ ಬರತ್ತೆ. ಪರ್ಸ್ ಆದ್ರೆ ಪಕ್ಕದ ಅಂಗಡಿಯವ್ರ ಮುಂದೆ ದುಡ್ಡು ಎಣಿಸಿ ಒಂದು ವಿಡಿಯೋ ಮಾಡ್ಕೊಳ್ಳಿ, ಇಲ್ಲಾಂದ್ರೆ ಆಮೇಲೆ "ಇನ್ನೂ ಐದು ಸಾವಿರ ಇತ್ತಲ್ಲ" ಅನ್ನೋ ಮಾತು ಬರಬಹುದು. ಏರಿಯಾ ವಾಟ್ಸಾಪ್ ಗ್ರೂಪಿಗೆ ಹಾಕೋದಾದ್ರೆ ಪೂರ್ತಿ ಫೋಟೋ ಹಾಕ್ಬೇಡಿ, "ಸರ ಸಿಕ್ಕಿದೆ" ಅಂತಷ್ಟೇ ಹಾಕಿ, ಪದಕ ಹೆಂಗಿದೆ ಅನ್ನೋದನ್ನ ನಿಜವಾದ ಓನರ್ ಬಾಯಿಂದಾನೇ ಬರ್ಲಿ. ಯಾರೂ ಬರ್ಲಿಲ್ವಾ, ಸ್ಟೇಷನ್‌ಗೆ ಕೊಟ್ಟು ಸ್ವೀಕೃತಿ ಬರೆಸ್ಕೊಳ್ಳಿ, ಅದು ಇಲ್ದೆ ಬರಬೇಡಿ.

ಬಿದ್ದಿದ್ದು ಬೇರೆ, ಮರೆತು ಬಿಟ್ಟಿದ್ದು ಬೇರೆ, ಜನ ಎಡವೋದು ಇಲ್ಲೇ. ಹೋಟೆಲ್ ಟೇಬಲ್ ಮೇಲೆ ಫೋನ್ ಬಿಟ್ಟು ಕೈ ತೊಳೆಯೋಕೆ ಹೋದವ್ರದ್ದು ಕಳೆದ ವಸ್ತು ಅಲ್ಲ, ಅದನ್ನ ಎತ್ಕೊಂಡು ಹೋದ್ರೆ ಸೀದಾ ಸೆಕ್ಷನ್ 303, ಕಳ್ಳತನ, 3 ವರ್ಷದವರೆಗೆ ಜೈಲು. 5,000 ರೂಪಾಯಿಗಿಂತ ಕಮ್ಮಿ ಬೆಲೇದು, ಮೊದಲ್ನೇ ಸಲ ಶಿಕ್ಷೆ, ಮಾಲು ವಾಪಸ್ ಕೊಟ್ರಿ ಅಂದ್ರೆ ಸಮುದಾಯ ಸೇವೆ ಮಾಡಿಸ್ತಾರೆ. ಬಸ್ಸಲ್ಲಿ ಸಿಕ್ಕಿದ್ದು ಕಂಡಕ್ಟರ್ ಕೈಗೆ ಕೊಡಿ.

ಯುಪಿಐನಲ್ಲಿ ಯಾರದೋ ದುಡ್ಡು ಬಂದ್ರೂ ಖರ್ಚು ಮಾಡೋ ಹಂಗಿಲ್ಲ. ಆದ್ರೆ ಫೋನ್ ಮಾಡಿ ಅಳೋವ್ರ ನಂಬರಿಗೆ ನೀವೇ ತಿರುಗಿ ಹಾಕ್ಬೇಡಿ, ಅದರಲ್ಲೂ ಮೋಸ ಇರತ್ತೆ, ನಿಮ್ಮ ಬ್ಯಾಂಕಿಗೆ ಬರೆದು ಕೊಡಿ, ಅವ್ರೇ ವಾಪಸ್ ಕಳಿಸ್ಲಿ.

ಇನ್ನು ಬಹುಮಾನದ ವಿಷ್ಯ. ಓನರ್ "ಹುಡುಕಿಕೊಟ್ಟವ್ರಿಗೆ ಇಷ್ಟು" ಅಂತ ಘೋಷಣೆ ಮಾಡಿದ್ರೆ ಕೊಡೋ ತನಕ ವಸ್ತು ಇಟ್ಕೋಬಹುದು, ಕೇಸೂ ಹಾಕಬಹುದು, 1872ರ ಕರಾರು ಕಾಯ್ದೆ ಸೆಕ್ಷನ್ 168 ಹಂಗೇ ಹೇಳತ್ತೆ. ಘೋಷಣೆ ಮಾಡಿಲ್ಲಾಂದ್ರೆ ಒಂದು ಕಾಫಿ ಕೊಡಿಸಿದ್ರೆ ಅದೇ ನಿಮ್ಮ ಅದೃಷ್ಟ.